ಹಸಿರು ಶಾಯಿಯ ತಾರೀಖು

ಊರಿನ ನೀರಿನ ಟ್ಯಾಂಕು ಮೂರು ವರ್ಷ ತಡವಾಗಿತ್ತು. ಅದನ್ನು ಕಟ್ಟಿಸಿದ ಇಂಜಿನಿಯರ್ ಸಾಹೇಬರು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್‌ನಲ್ಲಿ ಸ್ನಾತಕೋತ್ತರ ಪರೀಕ್ಷೆಗೆ ಕಟ್ಟಿದ್ದರು. ಟ್ಯಾಂಕಿನ ಮೇಲೆಯೇ ಕೇಸ್ ಸ್ಟಡಿ ಒಪ್ಪಿಸಬೇಕಿತ್ತು. ಬರೆಯುವ ಕೆಲಸ ಗುಮಾಸ್ತೆ ಹುಲಿಗೆಮ್ಮನ ತಲೆಗೆ ಬಂತು.

"ವಿಮರ್ಶೆ ಖಡಕ್ಕಾಗಿರಲಿ. ತಡವಾದದ್ದು ಮೇಸ್ತ್ರಿ ಯಂಕೋಬನಿಂದ ಅಂತ ಬರೀರಿ. ಅದನ್ನೇ ಇಟ್ಟು ಅವನಿಗೆ ನೋಟಿಸೂ ಕೊಡೋಣ," ಅಂದರು ಸಾಹೇಬರು.

ಇಲಾಖೆಯ ನೌಕರನೇ ಆಗಿದ್ದ ಯಂಕೋಬನ ನಿವೃತ್ತಿಗೆ ಎರಡೇ ತಿಂಗಳು. ನೋಟಿಸು ಬಿದ್ದರೆ ಪಿಂಚಣಿ ನಿಲ್ಲುತ್ತಿತ್ತು.

ಹುಲಿಗೆಮ್ಮ ಎದುರಾಡಲಿಲ್ಲ. ಟ್ಯಾಂಕಿನ ಹಳೆಯ ಕಡತ ಬಿಚ್ಚಿ, ಅದು ಯಾರ ಬಳಿ ಎಷ್ಟು ದಿನ ಇತ್ತು ಅನ್ನುವುದನ್ನಷ್ಟೇ ಬರೆದಳು. ಯಂಕೋಬನ ಬಳಿ ನಾಲ್ಕು ದಿನ. ಸಾಹೇಬರ ಮೇಜಿನ ಮೇಲೆ ಎರಡು ವರ್ಷ ಏಳು ತಿಂಗಳು.

ಓದಿದ ಸಾಹೇಬರ ಮುಖ ಕಪ್ಪಿಟ್ಟಿತು. "ಇದನ್ನೆಲ್ಲ ಯಾರು ಹೇಳಿದ್ದು ನಿಮಗೆ?"

"ತಾರೀಖುಗಳೆಲ್ಲ ನಿಮ್ಮ ಸಹಿಯ ಕೆಳಗೇ ಇವೆ ಸರ್, ಹಸಿರು ಶಾಯಿಯಲ್ಲಿ."

"ಹರಿದು ಹಾಕಿ. ನಾನು ಹೇಳಿದ ಹಾಗೆ ಬೇರೆ ಬರೀರಿ."

"ಆಗಲಿ ಸರ್. ಹರಿದು ಹಾಕಿ ಅಂತ ಇದರ ಮೇಲೇ ಒಂದು ಸಾಲು ಬರೆದು, ತಾರೀಖು ಹಾಕಿ ಸಹಿ ಮಾಡಿಕೊಡಿ."

ಸಾಹೇಬರು ಹಸಿರು ಪೆನ್ನಿನ ಮುಚ್ಚಳ ತೆಗೆದರು. ಕಾಗದದ ಮೇಲಿನ ತಾರೀಖುಗಳನ್ನು ಮತ್ತೊಮ್ಮೆ ನೋಡಿದರು. ಆಮೇಲೆ ಮುಚ್ಚಳ ಹಾಕಿ ಪೆನ್ನನ್ನು ಜೇಬಿಗಿಟ್ಟರು.

ಆ ಪೆನ್ನಿನ ಸಹಿ ಇಲ್ಲದೆ ಯಂಕೋಬನ ನೋಟಿಸೂ ಹೊರಡಲಿಲ್ಲ.