ಮೂವತ್ತನೆಯ ಕಾವಲುಗಾರ

ದೇಚಮ್ಮನವರ ಮನೆತನ ಮೂರು ತಲೆಮಾರು ಸೈನ್ಯದಲ್ಲಿ ದುಡಿದದ್ದು. ಅವರಲ್ಲಿ ಯಾರೂ ಸುಳ್ಳು ಕಾಗದಕ್ಕೆ ಸಹಿ ಹಾಕಿದವರಲ್ಲ. ಗಂಡ ಸುಬೇದಾರ್ ಉತ್ತಯ್ಯ ತೀರಿಕೊಂಡ ಮೇಲೆ ಆಕೆ ಮೈಸೂರಿನ ಗುತ್ತಿಗೆದಾರ ರಾಮಲಿಂಗಯ್ಯನ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದರು.

ರಾಮಲಿಂಗಯ್ಯ ಸರ್ಕಾರಿ ಕಟ್ಟಡಗಳಿಗೆ ಕಾವಲುಗಾರರನ್ನು ಒದಗಿಸುತ್ತಿದ್ದ. ಅವರಲ್ಲಿ ಮೂವತ್ತು ಮಂದಿ ಮಾಜಿ ಸೈನಿಕರೆಂದು ವರ್ಷಕ್ಕೊಮ್ಮೆ ಗುಮಾಸ್ತೆಯ ಸಹಿಯೊಂದಿಗೆ ಸರ್ಕಾರಕ್ಕೆ ಪಟ್ಟಿ ಕೊಡಬೇಕಿತ್ತು. ಈ ಸಲ ಒಬ್ಬ ಕಡಿಮೆ ಬಿದ್ದ. ರಾಮಲಿಂಗಯ್ಯ ಉತ್ತಯ್ಯನವರ ಹೆಸರನ್ನೇ ಬರೆದು, ಮುಂದೆ 'ಹಾಜರು' ಎಂದು ಸೇರಿಸಿದ.

"ಬರೀ ಹೆಸರು ತಾನೇ, ಅಮ್ಮ? ಸಹಿ ಹಾಕಿ. ಇಲ್ಲದಿದ್ದರೆ ನಾಳೆಯಿಂದ ಕೆಲಸಕ್ಕೆ ಬರಬೇಡಿ."

ದೇಚಮ್ಮ ಆ 'ಹಾಜರು' ಎಂಬ ಮಾತನ್ನು ಬಹಳ ಹೊತ್ತು ನೋಡಿದರು. "ನಾಳೆ ತಪಾಸಣೆಗೆ ಬರುವ ಅಧಿಕಾರಿಗಳ ಮುಂದೆಯೇ ಹಾಕುತ್ತೇನೆ," ಎಂದರು.

ಮರುದಿನ ಕಚೇರಿಗೆ ಅಧಿಕಾರಿ ಬಂದಾಗ ಆಕೆ ಇಸ್ತ್ರಿ ಮಾಡಿದ ಸೀರೆಯುಟ್ಟು, ಊಟದ ಡಬ್ಬಿ ಹಿಡಿದು ನಿಂತಿದ್ದರು.

"ರಾಮಲಿಂಗಯ್ಯನವರೇ, ನಮ್ಮ ಯಜಮಾನರು ಯಾವ ಗೇಟಿನಲ್ಲಿದ್ದಾರೆ? ಅವರಿಗಿಷ್ಟವೆಂದು ಕಡುಬು ತಂದಿದ್ದೇನೆ."

"ಅವರು... ರಜೆಯಲ್ಲಿದ್ದಾರೆ."

"ರಜೆ ಸಿಕ್ಕರೆ ನೇರ ಮನೆಗೇ ಬರುತ್ತಿದ್ದರು. ಆರು ವರ್ಷವಾಯಿತು, ಬಂದಿಲ್ಲ."

"ಅಲ್ಲ, ರಾತ್ರಿ ಪಾಳಿ..."

"ಹಾಗಾದರೆ ಬೆಳಿಗ್ಗೆ ಕಳಿಸಿಕೊಡಿ. ಎರಡು ಲೋಟ ಕಾಫಿ ಮಾಡುವ ಅಭ್ಯಾಸ ನನಗಿನ್ನೂ ಹೋಗಿಲ್ಲ."

ಅಧಿಕಾರಿಯ ಪೆನ್ನು ನಿಂತಿತು. ದೇಚಮ್ಮ ಡಬ್ಬಿಯ ಕೆಳಗಿನಿಂದ ಗಂಡನ ಮರಣ ಪ್ರಮಾಣಪತ್ರ ತೆಗೆದು ಅವರ ಮುಂದಿಟ್ಟರು; ಅದರ ಪಕ್ಕದಲ್ಲಿ ಸಮವಸ್ತ್ರದ ಫೋಟೋ. ರಾಮಲಿಂಗಯ್ಯ ಪಟ್ಟಿಯಲ್ಲಿದ್ದ ಆ ಹೆಸರಿನ ಮೇಲೆ ಗೀಟೆಳೆದ.

"ಹೊಡೆದುಹಾಕಿದೆ, ಅಮ್ಮ. ಆಯಿತಲ್ಲ?"

"ಆಗಲಿಲ್ಲ. ಎದ್ದು ನಿಂತು, ಈ ಫೋಟೋದ ಮುಂದೆ ಅವರ ಕ್ಷಮೆ ಕೇಳಿ."