ಒಂದೇ ಅಚ್ಚಿನ ಮೂರು ಬಂಡಿ

"ಕೇಳಿರಪ್ಪೋ ಕೇಳಿ! ಕಣಿವೆಪುರದ ಅರಸರಾದ ಮಾರಭೂಪರ ಅಪ್ಪಣೆ. ಅರಸುಮಗಳು ಪದ್ಮಲಾದೇವಿಯವರ ಪಯಣಕ್ಕೆ ಬಂಡಿ ಕೊಳ್ಳಬೇಕಾಗಿದೆ. ಮೂರು ಒಗಟು ಬಿಡಿಸಿ, ಸರಿಯಾದ ಬಂಡಿ ಆರಿಸಿಕೊಟ್ಟವರಿಗೆ ಕೇಳಿದ ಉಡುಗೊರೆ. ತಪ್ಪಿದವರಿಗೆ ಅಮಾವಾಸ್ಯೆಯ ದಿನ ತಲೆದಂಡ!"

ಬಂಡಿ ಆರಿಸುವುದಕ್ಕೆ ತಲೆಯನ್ನೇಕೆ ಪಣ ಇಡಬೇಕು ಎಂದು ಊರಲ್ಲಿ ಯಾರೂ ಕೇಳಲಿಲ್ಲ. ಕಾರಣ ಎಲ್ಲರಿಗೂ ಗೊತ್ತಿತ್ತು. ಹಿಂದೆ ಆಸ್ಥಾನದವರೆಲ್ಲ ಸೇರಿ, "ರಾಣಿಯವರ ಘನತೆಗೆ ಇದೇ ಸರಿ" ಎಂದು ತಾಮ್ರದ ಗೋಪುರದ ಬಂಡಿಯನ್ನು ಕೊಳ್ಳಿಸಿದ್ದರು. ಗವಿಘಟ್ಟದ ಇಳಿಜಾರಿನಲ್ಲಿ ಅದರ ಭಾರ ತಡೆಯಲಾರದೆ ಎತ್ತುಗಳು ಮುಗ್ಗರಿಸಿದವು. ರಾಣಿ ಬಂಡಿಯೊಡನೆ ಕಣಿವೆಯ ಪಾಲಾದಳು. ಅಂದಿನಿಂದ ಹಗುರವಾಗಿ ಸಲಹೆ ಕೊಡುವವರನ್ನು ಕಂಡರೆ ಅರಸನಿಗೆ ಆಗುತ್ತಿರಲಿಲ್ಲ. ಈಗ ನೋಡಿದರೆ, ವೈದ್ಯವಿದ್ಯೆ ಕಲಿತ ಮಗಳು ಅದೇ ಘಟ್ಟದ ಮೇಲಿನ ಕಾಡುಜನರ ಹಾಡಿಗಳಿಗೆ ಹೋಗಿಬರುತ್ತೇನೆ ಎಂದು ಹಟ ಹಿಡಿದಿದ್ದಳು.

ಪರದೇಶದ ಬಡಗಿಯೊಬ್ಬ ಮಾರಲು ತಂದ ಮೂರು ಬಂಡಿಗಳು ಅರಮನೆಯ ಬಾಗಿಲಲ್ಲೇ ನಿಂತಿದ್ದವು. ಒಳಗೆ ಅರಸ ಮೊದಲ ಒಗಟು ಹೇಳಿದ.

"ಒಂದೇ ತಾಯಿಗೆ ಮೂವರು ಹೆಣ್ಣುಮಕ್ಕಳು. ಮೂವರಿಗೂ ಒಂದೇ ಮೂಳೆ, ಒಂದೇ ಕಾಲು, ಒಂದೇ ನಡಿಗೆ. ಆದರೂ ಕಿರಿಯಳನ್ನು ಕೂಗಿ ಕರೆದು ಕೊಡುತ್ತಾರೆ, ಹಿರಿಯಳನ್ನು ಕೇಳಿದರೆ ಮನೆಮಠ ಬರೆದುಕೊಡು ಅನ್ನುತ್ತಾರೆ. ಯಾರವರು?"

ಆಸ್ಥಾನ ಪಂಡಿತ ಕೇಶವಭಟ್ಟ ಎದ್ದು, "ಭೂತ, ಭವಿಷ್ಯ, ವರ್ತಮಾನ" ಎಂದ. ಅರಸ ತಲೆಯಲ್ಲಾಡಿಸಿದ. ಭಟರು ಪಂಡಿತನನ್ನು ಸೆರೆಮನೆಗೆ ಕರೆದೊಯ್ದರು. ಸಾಮಂತನ ಮಗ ಇರುಗಯ್ಯ ಮೀಸೆ ತಿರುವಿ, "ಕಬ್ಬಿಣ, ಬೆಳ್ಳಿ, ಚಿನ್ನ" ಎಂದ. "ಅವಕ್ಕೆ ಕಾಲೆಲ್ಲಿದೆಯಪ್ಪಾ?" ಎಂದ ಅರಸ. ಇರುಗಯ್ಯನೂ ಒಳಗಾದ.

ಅಡುಗೆಮನೆಗೆ ಉಪ್ಪು ಇಳಿಸಲು ಬಂದಿದ್ದ ಗಾಡಿಯ ಚಿಕ್ಕೀರ, ಬಾಗಿಲಿನಿಂದ ಎರಡು ಹೆಜ್ಜೆ ಮುಂದೆ ಬಂದು ಕೈಮುಗಿದ.

"ನಾನು ಹೇಳಬಹುದಾ ಬುದ್ಧಿ?"

"ತಲೆಯ ಆಸೆ ಇಲ್ಲವೇನಯ್ಯ?"

"ಇದೆ ಬುದ್ಧಿ. ಆದರೆ ಹೋದ ವರ್ಷ ನಮ್ಮಕ್ಕನ ಹೆರಿಗೆ ಕಷ್ಟವಾದಾಗ, ಚಿಕ್ಕಮ್ಮಣ್ಣಿಯವರು ಮಳೆಯಲ್ಲಿ ನಡೆದುಕೊಂಡೇ ಬಂದು ಎರಡು ಜೀವ ಉಳಿಸಿದರು. ಅವರ ಬಂಡಿಯ ವಿಷಯದಲ್ಲಿ ನಾನು ಸುಮ್ಮನಿದ್ದರೆ ಅನ್ನ ಇಳಿಯುವುದಿಲ್ಲ."

ಅರಸನ ಪಕ್ಕ ಕೂತಿದ್ದ ಪದ್ಮಲಾದೇವಿ ತಲೆಯೆತ್ತಿ ನೋಡಿದಳು.

"ಆ ಮೂವರು ನಿಮ್ಮ ಬಾಗಿಲಲ್ಲೇ ನಿಂತಿದ್ದಾರೆ ಬುದ್ಧಿ. ನಾನು ಬಗ್ಗಿ ನೋಡಿ ಬಂದೆ. ಮೂರೂ ಬಂಡಿಗೆ ಒಂದೇ ಅಚ್ಚು, ಒಂದೇ ಗಾಲಿ. ಬೇರೆಯಾಗಿರುವುದು ಮೇಲಿನ ಸಿಂಗಾರ, ಅದಕ್ಕೆ ತಕ್ಕ ಬೆಲೆ."

ಅರಸ ಸಿಂಹಾಸನದಲ್ಲಿ ಮುಂದಕ್ಕೆ ಸರಿದ. "ಎರಡನೆಯದು ಕೇಳು. ಮೆರವಣಿಗೆಯಲ್ಲಿ ಅದನ್ನು ಯಾರೂ ನೋಡುವುದಿಲ್ಲ. ಬಂಡಿ ಓಡುವಾಗ ಅದಕ್ಕೆ ಕೆಲಸವಿಲ್ಲ. ಕೆಲಸ ಬಿದ್ದ ದಿನ ಅದಿಲ್ಲದಿದ್ದರೆ ಮನೆಗೆ ಮರಳುವವರಿಲ್ಲ."

ಚಿಕ್ಕೀರ ಮೆಲ್ಲಗೆ ಹೇಳಿದ. "ಇಳಿಜಾರಿನಲ್ಲಿ ಗಾಲಿಗೆ ಒತ್ತುವ ತಡೆಮರ, ಬುದ್ಧಿ. ಕಿರಿ ಬಂಡಿಗೆ ಅದನ್ನು ಹಾಕಿಲ್ಲ. ಹಿರಿ ಬಂಡಿಗೆ ಹಾಕಿದ್ದಾರೆ, ಆದರೆ ಅದರ ತಾಮ್ರದ ಗೋಪುರದ ಭಾರಕ್ಕೆ ಅದು ಸಾಲದು."

"ಮೂರನೆಯದು. ಯಾವ ಬಂಡಿ ಸರಿ ಎಂದು ಮಾರುವವನಿಗೆ ತಿಳಿಯದು, ಕೊಳ್ಳುವವನಿಗೂ ತಿಳಿಯದು. ಬಾಯಿಲ್ಲದ ಒಂದಕ್ಕೆ ಮಾತ್ರ ತಿಳಿದಿದೆ. ಅದು ಯಾವುದು?"

ಚಿಕ್ಕೀರ ಅರಸನಿಗೆ ಉತ್ತರ ಕೊಡಲಿಲ್ಲ, ಪದ್ಮಲಾದೇವಿಯ ಕಡೆ ತಿರುಗಿದ.

"ಅಮ್ಮಣ್ಣಿ, ನೀವು ಎಲ್ಲಿಗೆ ಹೋಗುತ್ತೀರಿ? ಜೊತೆಗೆ ಯಾರಿರುತ್ತಾರೆ?"

"ತಿಂಗಳಿಗೆ ಎರಡು ಸಲ ಗವಿಘಟ್ಟ," ಎಂದಳು ಅವಳು. "ಬರುವಾಗ ಬಸುರಿಯರೋ ಬಾಣಂತಿಯರೋ ಇರುತ್ತಾರೆ. ಔಷಧದ ಪೆಟ್ಟಿಗೆ ನೆನೆಯಬಾರದು. ಅಣ್ಣಾ, ಇಷ್ಟು ದಿನದಲ್ಲಿ ನನ್ನನ್ನು ಇದು ಕೇಳಿದವನು ನೀನೊಬ್ಬನೇ."

"ಹಾಗಾದರೆ ಉತ್ತರ ದಾರಿ, ಬುದ್ಧಿ. ಹೋಗುವ ದಾರಿಗೆ ಗೊತ್ತು. ಈ ದಾರಿಗೆ ನಡುವಿನ ಬಂಡಿ ಸರಿ. ತಡೆಮರ ಇದೆ, ಎಣ್ಣೆಬಟ್ಟೆಯ ಮೇಲ್ಚಾವಣಿ ಇದೆ, ಗೋಪುರವಿಲ್ಲ. ಹಿರಿ ಬಂಡಿಯ ಮೆತ್ತನೆ ಹಾಸಿಗೆಯೊಂದು ಇದಕ್ಕೆ ಬಂದರೆ ಬಾಣಂತಿಗೆ ಸುಖ."

ಸಭೆಯ ಮೂಲೆಯಲ್ಲಿ ನಿಂತಿದ್ದ ಬಡಗಿ ಬಾಯಿ ಹಾಕಿದ. "ಹಾಗೆ ಬಿಡಿಯಾಗಿ ಕೊಡುವ ಪದ್ಧತಿ ಇಲ್ಲ ಸ್ವಾಮಿ. ಹಾಸಿಗೆ ಬೇಕಾದರೆ ಗೋಪುರವನ್ನೂ ಕೊಳ್ಳಬೇಕು."

"ಬೇಡ ಬಿಡಿ. ಹತ್ತಿ ತುಂಬಿ ನಮ್ಮಕ್ಕ ಹೊಲಿದುಕೊಡುತ್ತಾಳೆ."

ಸಭೆಯೆಲ್ಲ ನಕ್ಕಿತು. ಅರಸ ನಗಲಿಲ್ಲ. ಕೆಳಗಿಳಿದು ಬಂದು, ಉಪ್ಪು ಮೆತ್ತಿದ ಆ ಕೈಗಳನ್ನು ಹಿಡಿದುಕೊಂಡ. "ಅಂದು ರಾಣಿಯ ದಾರಿ ಯಾವುದೆಂದು ನಾನೂ ಕೇಳಲಿಲ್ಲ. ನಿನ್ನಿಂದ ದೊಡ್ಡ ಉಪಕಾರವಾಯಿತಪ್ಪಾ. ಏನು ಬೇಕು ಕೇಳು."

"ಒಳಗಿರುವ ಆ ಇಬ್ಬರನ್ನು ಬಿಟ್ಟುಬಿಡಿ ಬುದ್ಧಿ. ಅವರ ಮನೆಯಲ್ಲೂ ಕಾಯುವವರಿರುತ್ತಾರೆ."

ಪಂಡಿತನೂ ಇರುಗಯ್ಯನೂ ಸಂಜೆಯೊಳಗೆ ಮನೆ ಸೇರಿದರು. ಅರಸ ಚಿಕ್ಕೀರನನ್ನು ಅರಮನೆಯ ಗಾಡಿಖಾನೆಗೆ ಒಡೆಯನನ್ನಾಗಿ ಮಾಡಿದ.

ತಿಂಗಳು ತುಂಬುವ ಹೊತ್ತಿಗೆ ಹಾಡಿಯ ಹೆಂಗಸರು ಹಸುಗೂಸುಗಳನ್ನು ಎತ್ತಿಕೊಂಡು ಅರಮನೆಗೆ ಬಂದರು. ಅರಸನ ಮುಂದೆ ಹೆಜ್ಜೇನಿನ ಗಡಿಗೆಯಿಟ್ಟು, "ಮಗಳನ್ನು ಕಳಿಸಿಕೊಟ್ಟಿರಿ, ನಿಮ್ಮ ಹೊಟ್ಟೆ ತಣ್ಣಗಿರಲಿ" ಎಂದು ಹರಸಿದರು. ಅರಸ ಗಡಿಗೆಯನ್ನು ಯಾವ ಆಳಿನ ಕೈಗೂ ಕೊಡಲಿಲ್ಲ. ತಾನೇ ಹೊತ್ತು ಗಾಡಿಖಾನೆಗೆ ನಡೆದು, ಚಿಕ್ಕೀರನ ಪಕ್ಕ ಹುಲ್ಲಿನ ಮೇಲೆ ಕೂತು, ಮೊದಲ ಬೆರಳು ಜೇನನ್ನು ಅವನ ಬಾಯಿಗಿಟ್ಟ.