ಉಪ್ಪೂ ಸಕ್ಕರೆಯೂ ಕೈ ಹಿಡಿದು ಬಂದದ್ದು

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಆಗ ಹರಿಯುವ ನೀರೂ ಮಾತಾಡುತ್ತಿತ್ತು, ಕಣ್ಣಿಗೆ ಕಾಣದ ಜೀವಕೋಶಗಳೂ ಮಾತಾಡುತ್ತಿದ್ದವು.

ತಿಪ್ಪಿ ಎಂಬ ಪುಟ್ಟ ಹುಡುಗಿಯ ಕರುಳಿನಲ್ಲಿ ಕೆಂಚವ್ವ ಎಂಬ ಜೀವಕೋಶ ಇದ್ದಳು. ಕೆರೆಯ ತೂಬು ಕಾಯುವವರ ಹಾಗೆ ಅವಳದು ನೀರುಗಂಟಿ ಕೆಲಸ. ಅವಳೊಳಗೇ ಇದ್ದು ಅಪ್ಪಣೆ ಸಾರುವ ತಳವಾರ ಬೋರ "ನೀರು ಬಿಡವ್ವಾ" ಅಂದರೆ ಮೈಯ ನೀರನ್ನು ಒಂದಿಷ್ಟು ಕರುಳಿಗೆ ಬಿಡಬೇಕು, ಉಂಡದ್ದು ಜಾರಿಹೋಗಲಿ ಅಂತ. "ಸಾಕು" ಅಂದರೆ ತೂಬು ಮುಚ್ಚಬೇಕು. ಬೋರನ ಮಾತಿಲ್ಲದೆ ತೂಬು ಮುಟ್ಟುವಂತಿಲ್ಲ. ಅವಳ ಅವ್ವನೂ ಹಾಗೇ ನಡೆದಿದ್ದಳು, ಅಜ್ಜಿಯೂ ಹಾಗೇ ನಡೆದಿದ್ದಳು.

ಒಂದು ದಿನ ತಿಪ್ಪಿ ಕೊಳಕು ನೀರು ಕುಡಿದಳು. ಅದರೊಳಗೆ ಡೊಂಕ ಎಂಬ ಬಾಗಿದ ಬೆನ್ನಿನ ಕ್ರಿಮಿ ಬಂದ. ಕೆಂಚವ್ವನ ಬಾಗಿಲಿಗೆ ವಿಷದ ಅಂಟು ಮೆತ್ತಿದ. ಅಂಟು ಒಳಗೆ ನುಸುಳಿ ಬೋರನ ನಾಲಿಗೆಗೆ ಹತ್ತಿಕೊಂಡಿತು.

"ನೀರು ಬಿಡವ್ವಾ," ಅಂದ ಬೋರ. ಕೆಂಚವ್ವ ಬಿಟ್ಟಳು.

"ನೀರು ಬಿಡವ್ವಾ." ಮತ್ತೆ ಬಿಟ್ಟಳು.

"ಸಾಕು ಅನ್ನೋ ಮಾರಾಯ, ತೋಳು ಬಿದ್ದೋಯ್ತವೆ!"

ಬೋರ ಬಾಯಿ ತೆರೆದ, ಒದ್ದಾಡಿದ. ಹೊರಬಂದದ್ದು ಮತ್ತೆ ಅದೇ, "ನೀರು ಬಿಡವ್ವಾ."

ಹರಿಯುವ ನೀರೇ ಗೋಗರೆಯಿತು. "ಕೆಂಚವ್ವಾ, ನಾನಿಲ್ದೆ ಮಗು ಉಳಿಯಾಕಿಲ್ಲ. ನನ್ನ ಹೊರಗಟ್ಟಬ್ಯಾಡ."

"ನಂಗೇನು ಆಸೆನಾ? ಸಾಕು ಅನ್ನೋ ಮಾತು ಬರ್ಲಿಲ್ವಲ್ಲ."

ಎಂಥ ಹಾಳು ನಿಯತ್ತಪ್ಪಾ ಅದು! ತಿಪ್ಪಿಯ ಕಣ್ಣು ಗುಳಿಬಿದ್ದವು, ನಾಲಿಗೆ ಒಣಗಿತು. ಕುಡಿಸಿದ ಬರಿ ನೀರೆಲ್ಲ ಹಾಗೇ ಭೇದಿಯಾಗಿ ಹರಿದುಹೋಯಿತು. ಕೆಂಚವ್ವನಿಗೆ ಅಳಲೂ ತ್ರಾಣವಿರಲಿಲ್ಲ. ಕೈ ಮಾತ್ರ ಆಡುತ್ತಲೇ ಇತ್ತು.

ಕೊನೆಗೆ ಅವಳು ಪಕ್ಕದ ನಿಂಗವ್ವನನ್ನು ಕೂಗಿದಳು. ನಿಂಗವ್ವನದು ನೀರನ್ನು ಒಳಕ್ಕೆ ಕರೆದುಕೊಳ್ಳುವ ಬಾಗಿಲು. ಅದನ್ನು ಅಂಟು ಕೆಡಿಸಿರಲಿಲ್ಲ.

"ನನ್ನ ತೂಬು ಇನ್ನು ಮುಚ್ಚಾಕಿಲ್ಲ ಕಣೆ. ನೀನಾದ್ರೂ ನೀರು ಒಳೀಕೆ ತಗೋ."

"ನನ್ನ ಬಾಗ್ಲು ಒಬ್ರಿಗೇ ತೆಗ್ಯಾಕಿಲ್ಲ. ಉಪ್ಪು, ಸಕ್ಕರೆ ಜೊತೇಲಿ ಬರ್ಬೇಕು. ಅವರ ಹಿಂದೆ ನೀರು ತಾನೇ ಬತ್ತದೆ."

ಹೊರಗೆ ಹರಿದ ನೀರು ಆ ಮಾತನ್ನು ತಿಪ್ಪಿಯ ಅಜ್ಜಿಗೆ ಮುಟ್ಟಿಸಿತು. ಅಜ್ಜಿ ಕುದಿಸಿ ಆರಿಸಿದ ನೀರಿಗೆ ಅವೆರಡನ್ನೂ ಬೆರೆಸಿ ಗುಟುಕು ಗುಟುಕಾಗಿ ಕುಡಿಸಿದಳು. ಉಪ್ಪೂ ಸಕ್ಕರೆಯೂ ಕೈ ಹಿಡಿದು ಬಂದವು, ಬಾಗಿಲು ತೆರೆಯಿತು, ಹಿಂದೆಯೇ ನೀರೂ ಬಂತು. ತಿಪ್ಪಿ ಕಣ್ಣು ಬಿಟ್ಟಳು.

ಕೆಂಚವ್ವ ಅಷ್ಟನ್ನು ನೋಡಿದಳು. ತೂಬಿನ ಮೇಲೆ ಕೈಯಿಟ್ಟುಕೊಂಡೇ ಕಳಚಿ ಬಿದ್ದಳು, ಬೋರನೂ ಅವಳ ಜೊತೆಗೇ ಹೋದ. ಅವಳ ಜಾಗಕ್ಕೆ ಅಂಟು ತಾಗದ ಹೊಸ ನೀರುಗಂಟಿ ಬಂದು ಕೂತಳು.

ಅದಕ್ಕೇ ಕಂದಾ, ಇವತ್ತಿಗೂ ಭೇದಿಯಾದರೆ ನಿನಗೆ ಉಪ್ಪು ಸಕ್ಕರೆ ನೀರು ಕುಡಿಸುತ್ತೇವೆ. ಆದರೂ ಅದು ಕೂಡಲೇ ನಿಲ್ಲುವುದಿಲ್ಲ, ದಣಿದವಳು ಬಿದ್ದು ಹೊಸಬಳು ಬರುವ ತನಕ ಹರಿಯುತ್ತಲೇ ಇರುತ್ತದೆ.